ದಿವಾನರ ಪತ್ರವ್ಯವಹಾರ: ಸಾಲಾರ್ ಜಂಗ್ ಬರೆದ ಕಾಗದಗಳಲ್ಲಿ ಹೈದರಾಬಾದಿನ ಮೂವತ್ತು ವರ್ಷ

ಮೀರ್ ತುರಾಬ್ ಅಲಿ ಖಾನ್ ಎಂಬ ಹೆಸರಿಗಿಂತ ಮೊದಲನೆಯ ಸಾಲಾರ್ ಜಂಗ್ ಎಂಬ ಬಿರುದಿನಿಂದಲೇ ಹೆಚ್ಚು ಪರಿಚಿತರಾದವರು 1853ರಿಂದ 1883ರವರೆಗೆ ಹೈದರಾಬಾದ್ ಸಂಸ್ಥಾನದ ದಿವಾನರಾಗಿದ್ದರು. ಮೂವರು ನಿಜಾಮರ ಕಾಲವನ್ನು ಕಂಡ ಈ ಆಡಳಿತಗಾರರು ಯುದ್ಧ ಮಾಡಿದವರಲ್ಲ, ಸಭೆಗಳಲ್ಲಿ ಭಾಷಣ ಮಾಡಿ ಜನರನ್ನು ಕಟ್ಟಿದವರೂ ಅಲ್ಲ. ಅವರ ರಾಜಕಾರಣವೆಲ್ಲ ನಡೆದದ್ದು ಕಾಗದದ ಮೇಲೆ. ನಿಜಾಮರಿಗೆ ಅರ್ಜಿ, ಬ್ರಿಟಿಷ್ ರೆಸಿಡೆಂಟರಿಗೆ ಪತ್ರ, ತಾಲೂಕುದಾರರಿಗೆ ಹುಕುಂ, ಲಂಡನ್ನಿನ ಮಂತ್ರಿಗಳಿಗೆ ಮನವಿ, ಗೆಳೆಯರಿಗೆ ಖಾಸಗಿ ಓಲೆ: ಹೀಗೆ ಹರಡಿಕೊಂಡಿರುವ ಅವರ ಪತ್ರವ್ಯವಹಾರ ಹೈದರಾಬಾದಿನ ಚರಿತ್ರೆಗೆ ಎಷ್ಟು ಮುಖ್ಯವೋ ರಾಯಚೂರು, ಸುರಪುರ, ಕಲಬುರಗಿ, ಬೀದರಗಳ ಚರಿತ್ರೆಗೂ ಅಷ್ಟೇ ಮುಖ್ಯ. ತುಂಗಭದ್ರೆ ಮತ್ತು ಕೃಷ್ಣೆಯ ನಡುವಿನ ಕನ್ನಡ ನೆಲ ಯಾರ ಕೈಯಲ್ಲಿ ಇರಬೇಕೆಂಬುದು ತೀರ್ಮಾನವಾದದ್ದು ಇಂಥ ಕಾಗದಗಳಲ್ಲಿಯೇ.

ಮೂರು ನೆಲೆಗಳು

ಈ ಪತ್ರಗಳು ಓಡಾಡಿದ ದಾರಿ ತೀರ ಚಿಕ್ಕದು. ಮೂಸಿ ನದಿಯ ದಕ್ಷಿಣ ದಡದಲ್ಲಿ ಹಳೆಯ ನಗರ, ಅದರೊಳಗೆ ಸಾಲಾರ್ ಜಂಗರ ಮನೆ ಮತ್ತು ಕಚೇರಿ ಎರಡೂ ಆಗಿದ್ದ ದಿವಾನ್ ದೇವಡಿ. ನದಿ ದಾಟಿದರೆ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ರೆಸಿಡೆನ್ಸಿ. ಹುಸೇನ್ ಸಾಗರದ ಕಟ್ಟೆಯ ಆಚೆ ಸಿಕಂದರಾಬಾದಿನ ದಂಡು ಪ್ರದೇಶ, ಇನ್ನೂ ಉತ್ತರಕ್ಕೆ ಬೊಲ್ಲಾರಂ. 1798ರ ಒಪ್ಪಂದದಂತೆ ನಿಜಾಮರ ಖರ್ಚಿನಲ್ಲಿ ಸಿಕಂದರಾಬಾದಿನಲ್ಲಿ ನೆಲೆಸಿದ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಸೈನ್ಯದ ಬಿಡಾರಕ್ಕೆ 1806ರಲ್ಲಿ ನಿಜಾಮ ಸಿಕಂದರ್ ಜಾಹ್ ಅವರ ಹೆಸರು ಬಂತು. ಬೊಲ್ಲಾರಂನಲ್ಲಿ ಇದ್ದದ್ದು ಮತ್ತೊಂದು ಪಡೆ, ಹೈದರಾಬಾದ್ ಕಾಂಟಿಂಜೆಂಟ್. ಹೆಸರಿಗೆ ನಿಜಾಮರದು, ಅಧಿಕಾರಿಗಳು ಬ್ರಿಟಿಷರು, ಸಂಬಳ ಸಂಸ್ಥಾನದ ಬೊಕ್ಕಸದ್ದು. ಸಾಲಾರ್ ಜಂಗರ ಅಧಿಕೃತ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ತಕರಾರಿನ ಮೂಲ ಈ ಕಾಂಟಿಂಜೆಂಟಿನ ಖರ್ಚು.

ದೇವಡಿಯಿಂದ ಸಿಕಂದರಾಬಾದಿಗೆ ಕುದುರೆಯ ಮೇಲೆ ಒಂದು ಹೊತ್ತಿನೊಳಗೆ ಹೋಗಿ ಬರಬಹುದಿತ್ತು. ಆದರೂ ಮಾತಿಗಿಂತ ಕಾಗದಕ್ಕೇ ಬೆಲೆ. 1800ರ ಒಪ್ಪಂದದ ಪ್ರಕಾರ ಕಂಪನಿಯ ಅರಿವಿಲ್ಲದೆ ನಿಜಾಮರು ಬೇರೆ ಯಾವ ರಾಜ್ಯದೊಂದಿಗೂ ವ್ಯವಹರಿಸುವಂತಿರಲಿಲ್ಲ. ಹೊರಜಗತ್ತಿಗೆ ಹೋಗಬೇಕಾದ ಪತ್ರಗಳೆಲ್ಲ ರೆಸಿಡೆಂಟರ ಮೇಜಿನ ಮೂಲಕವೇ ಹೋಗಬೇಕಿತ್ತು. ಹೀಗಾಗಿ ಕರ್ನಲ್ ಡೇವಿಡ್‌ಸನ್, ಸರ್ ಜಾರ್ಜ್ ಯೂಲ್, ಸರ್ ರಿಚರ್ಡ್ ಟೆಂಪಲ್, ಸಾಂಡರ್ಸ್, ಸರ್ ರಿಚರ್ಡ್ ಮೀಡ್ ಮೊದಲಾದ ರೆಸಿಡೆಂಟರು ಒಬ್ಬರಾದ ಮೇಲೊಬ್ಬರು ಬಂದು ಹೋದರೂ ಅವರಿಗೆ ಬರೆಯುವ ದಿವಾನರು ಮಾತ್ರ ಒಬ್ಬರೇ ಆಗಿ ಉಳಿದರು.

ಪತ್ರದ ರೀತಿ ರಿವಾಜು

ಸಂಸ್ಥಾನದ ದಫ್ತರದ ಭಾಷೆ ಪಾರಸಿ. ಸಾಲಾರ್ ಜಂಗ್ ಬದುಕಿರುವವರೆಗೂ ಅದು ಹಾಗೆಯೇ ಇತ್ತು. ಉರ್ದು ಆ ಸ್ಥಾನಕ್ಕೆ ಬಂದದ್ದು ಅವರು ತೀರಿಕೊಂಡ ಮೇಲೆ. ನಿಜಾಮರಿಂದ ಗವರ್ನರ್ ಜನರಲ್ಲರಿಗೆ ಹೋಗುವ ವಿಧ್ಯುಕ್ತ ಪತ್ರಕ್ಕೆ ಖರೀತಾ ಎಂದು ಹೆಸರು. ಅದರ ಪದಗಳ ಆಯ್ಕೆಯಲ್ಲಿಯೇ ಯಾರು ದೊಡ್ಡವರು, ಯಾರು ಚಿಕ್ಕವರು ಎಂಬ ಲೆಕ್ಕಾಚಾರ ಇರುತ್ತಿತ್ತು. 1829ರವರೆಗೆ ನಿಜಾಮರು ತಮ್ಮನ್ನು ರಾಜಗೌರವದ ಬಹುವಚನದಿಂದ ಕರೆದುಕೊಳ್ಳುತ್ತಿದ್ದರು, ಗವರ್ನರ್ ಜನರಲ್ಲರು ತಮ್ಮನ್ನು ವಿನೀತರೆಂದು ಹೇಳಿಕೊಳ್ಳುತ್ತಿದ್ದರು. ಆ ವರ್ಷ ನಾಸಿರುದ್ದೌಲಾ ಪಟ್ಟಕ್ಕೆ ಬಂದಾಗ ಈ ಪದ್ಧತಿಯನ್ನು ಬಿಟ್ಟು ಇಬ್ಬರೂ ಸಮಾನರೆಂಬ ಒಕ್ಕಣೆ ರೂಢಿಗೆ ತಂದರು. ಒಂದು ಸಂಬೋಧನೆಯ ಬದಲಾವಣೆ ಅಂದಿನವರಿಗೆ ಒಂದು ಜಿಲ್ಲೆಯನ್ನು ಬಿಟ್ಟುಕೊಟ್ಟಷ್ಟೇ ದೊಡ್ಡ ವಿಷಯವಾಗಿತ್ತು.

ಸಾಲಾರ್ ಜಂಗ್ ಪಾರಸಿಯ ಈ ಶಿಸ್ತಿನಲ್ಲಿ ಬೆಳೆದವರು. ಅವರ ಪೂರ್ವಜರು ಮೊದಲು ವಿಜಯಪುರದ ಆದಿಲಶಾಹಿಗಳ ಸೇವೆಯಲ್ಲಿದ್ದು, ಆಮೇಲೆ ಮೊಗಲರಲ್ಲಿ, ಕೊನೆಗೆ ನಿಜಾಮರಲ್ಲಿ ಅಧಿಕಾರ ನಡೆಸಿದವರು. ಮುತ್ತಜ್ಜ ಮೀರ್ ಆಲಂ, ಅಜ್ಜ ಮುನೀರ್ ಉಲ್ ಮುಲ್ಕ್, ಚಿಕ್ಕಪ್ಪ ಸಿರಾಜ್ ಉಲ್ ಮುಲ್ಕ್ ಮೂವರೂ ದಿವಾನರಾಗಿದ್ದವರು. 1829ರಲ್ಲಿ ಹುಟ್ಟಿದ ತುರಾಬ್ ಅಲಿ ಖಾನ್ ಮನೆಯಲ್ಲಿ ಇಂಗ್ಲಿಷನ್ನೂ ಕಲಿತರು. ಹೀಗೆ ಎರಡು ಭಾಷೆಗಳ ಒಕ್ಕಣೆಯೂ ಅವರಿಗೆ ಕೈವಶವಾಗಿತ್ತು.

ಬೇಡವೆಂದರೂ ಬಂದ ಅಧಿಕಾರ

ಸಂಸ್ಥಾನದ ಅತ್ಯಂತ ಕಷ್ಟದ ದಿನಗಳಲ್ಲಿ ಅವರಿಗೆ ದಿವಾನಗಿರಿ ಬಂತು. ಕಾಂಟಿಂಜೆಂಟಿನ ಸಂಬಳದ ಬಾಕಿ ಬೆಳೆದು ಸಾಲವಾಗಿತ್ತು. ಅದನ್ನು ಮುಂದಿಟ್ಟುಕೊಂಡು ಲಾರ್ಡ್ ಡಾಲ್‌ಹೌಸಿಯ ಸರ್ಕಾರ 1853ರ ಮೇ 21ರಂದು ಒಪ್ಪಂದ ಮಾಡಿಸಿಕೊಂಡಿತು. ಬೇರಾರ್, ರಾಯಚೂರು ದೋಆಬ್, ಪಶ್ಚಿಮದ ಧಾರಾಶಿವ ಪ್ರದೇಶ ಬ್ರಿಟಿಷರ ಆಡಳಿತಕ್ಕೆ ಹೋದವು. ಸಹಿ ಹಾಕಿಸಿದ ದಿವಾನ ಸಿರಾಜ್ ಉಲ್ ಮುಲ್ಕ್ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇಪ್ಪತ್ತನಾಲ್ಕರ ಹರೆಯದ ಅಣ್ಣನ ಮಗ ಆ ಸ್ಥಾನಕ್ಕೆ ಬಂದರು.

ಆ ಹೊತ್ತಿನ ಅವರ ಮನಸ್ಸು ತಿಳಿಯುವುದು ಒಂದು ಖಾಸಗಿ ಪತ್ರದಿಂದ. ಬರೆದದ್ದು ಡೈಟನ್ ಎಂಬ ಇಂಗ್ಲಿಷ್ ಗೆಳೆಯರಿಗೆ. ಡೈಟನ್ ನಿಜಾಮರ ತಾಲೂಕುದಾರರಾಗಿದ್ದವರು. ಸಾಲಾರ್ ಜಂಗ್ ತರುಣರಾಗಿ ಖಮ್ಮಂನಲ್ಲಿ ಕಂದಾಯದ ಕೆಲಸ ಕಲಿತದ್ದು ಡೈಟನ್ ಹಾಕಿಕೊಟ್ಟ ದಾರಿಯಲ್ಲಿ. ಚಿಕ್ಕಪ್ಪನ ಜಾಗೀರುಗಳನ್ನು ನೋಡಿಕೊಂಡು ನೆಮ್ಮದಿಯಾಗಿ ಇರುವುದೇ ತಮಗೆ ಸಾಕಾಗಿತ್ತು, ಬೇಡವೆಂದರೆ ಮನೆತನಕ್ಕೆ ಕೇಡಾಗುತ್ತದೆಂದು ಎಲ್ಲರೂ ಹೇಳಿದ್ದರಿಂದ ಒಪ್ಪಿಕೊಳ್ಳಬೇಕಾಯಿತು ಎಂಬುದು ಆ ಪತ್ರದ ಸಾರಾಂಶ. ಅಧಿಕೃತ ಕಾಗದಗಳಲ್ಲಿ ಎಲ್ಲಿಯೂ ಕಾಣಿಸದ ಅಳುಕು ಇಲ್ಲಿ ಕಾಣಿಸುತ್ತದೆ. ಸಾಲ ಕೊಟ್ಟವರ ಕಾಟ, ಅರಬ್ ಜಮಾದಾರರ ಹಿಡಿತದಲ್ಲಿದ್ದ ತಾಲೂಕುಗಳು, ಬರಿದಾದ ಖಜಾನೆ ಇವುಗಳ ನಡುವೆ ಕುಳಿತವರಿಗೆ ಅಳುಕಲು ಕಾರಣವಿತ್ತು.

1857: ಮೊದಲೇ ತಲುಪಿದ ಸುದ್ದಿ

1857ರ ಮೇ ತಿಂಗಳಲ್ಲಿ ನಾಸಿರುದ್ದೌಲಾ ತೀರಿಕೊಂಡು ಅಫ್ಜಲುದ್ದೌಲಾ ಪಟ್ಟವೇರಿದರು. ಉತ್ತರದ ಸಿಪಾಯಿ ದಂಗೆಯ ಸುದ್ದಿ ಬಂದದ್ದೂ ಅದೇ ತಿಂಗಳು. ನಿಜಾಮರು ಕೈಬಿಟ್ಟರೆ ಎಲ್ಲವೂ ಹೋದಂತೆಯೇ ಎಂದು ಮುಂಬಯಿ ಗವರ್ನರರು ರೆಸಿಡೆಂಟರಿಗೆ ತಂತಿ ಕಳಿಸಿದರು. ಜುಲೈ 17ರ ಸಂಜೆ ತುರೆಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನರ ಮುಂದಾಳತ್ವದಲ್ಲಿ ರೋಹಿಲ್ಲರು ರೆಸಿಡೆನ್ಸಿಯ ಮೇಲೆ ನುಗ್ಗಿದರು. ಅವರು ಬರುವ ಮೊದಲೇ ದಿವಾನರ ಕಡೆಯಿಂದ ಸುದ್ದಿ ಡೇವಿಡ್‌ಸನ್ನರಿಗೆ ಹೋಗಿತ್ತು. ದಾಳಿ ಹಿಮ್ಮೆಟ್ಟಿತು. ಮೌಲ್ವಿಯವರನ್ನು ಅಂಡಮಾನಿಗೆ ಸಾಗಿಸಿದರು. ತುರೆಬಾಜ್ ಖಾನ್ ಸೆರೆಯಿಂದ ತಪ್ಪಿಸಿಕೊಂಡು 1859ರಲ್ಲಿ ಗುಂಡಿಗೆ ಬಲಿಯಾದರು. ಆ ಒಂದು ಸುದ್ದಿಯನ್ನು ಬ್ರಿಟಿಷರು ದೊಡ್ಡ ಉಪಕಾರವೆಂದು ಬರೆದಿಟ್ಟುಕೊಂಡರು. ನಗರದ ಅನೇಕರು ಅದನ್ನು ದ್ರೋಹವೆಂದೇ ತಿಳಿದರು. 1859ರ ಮಾರ್ಚಿನಲ್ಲಿ ದರಬಾರಿನಿಂದ ಡೇವಿಡ್‌ಸನ್ನರ ಜೊತೆ ಹೊರಬರುತ್ತಿದ್ದಾಗ ದಿವಾನರ ಮೇಲೆ ನಡೆದ ಕೊಲೆಯತ್ನದ ಹಿಂದೆ ಇದೇ ಕೋಪವಿತ್ತು.

ಸುರಪುರದ ಕಥೆ ಇದಕ್ಕೆ ಕೂಡಿಕೊಳ್ಳುತ್ತದೆ. ಬೇಡರ ದೊರೆ ರಾಜಾ ವೆಂಕಟಪ್ಪ ನಾಯಕ ಆಗ ಇಪ್ಪತ್ತನಾಲ್ಕು ತುಂಬದ ಹುಡುಗ. ತಂದೆ ಕೃಷ್ಣಪ್ಪ ನಾಯಕ ತೀರಿಕೊಂಡ ಮೇಲೆ 1853ರವರೆಗೆ ಸಂಸ್ಥಾನವನ್ನು ನೋಡಿಕೊಂಡವರು ಫಿಲಿಪ್ ಮೆಡೋಸ್ ಟೇಲರ್. ದಂಗೆಯವರೊಂದಿಗೆ ಪತ್ರ ನಡೆಸಿದ್ದಾರೆಂಬ ಗುಮಾನಿಯೇ ರಾಜರ ಮೇಲಿನ ಮೊದಲ ಆರೋಪವಾಗಿತ್ತು. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಕಾಳಗ ನಡೆದು, ಸೋತ ರಾಜ ಕೆಲವೇ ಜನರೊಂದಿಗೆ ಹೈದರಾಬಾದಿಗೆ ಬಂದರು. ಅಲ್ಲಿ ಸಿಕ್ಕಿಬಿದ್ದ ಅವರನ್ನು ಸಾಲಾರ್ ಜಂಗ್ ರೆಸಿಡೆಂಟರಿಗೆ ಒಪ್ಪಿಸಿದರು. ಸಿಕಂದರಾಬಾದ್ ದಂಡಿನ ಕಾವಲು ಮನೆಯಲ್ಲಿ ಅವರನ್ನು ಇಟ್ಟರು.

ಟೇಲರ್ ಆ ಕಾವಲು ಮನೆಗೆ ಹೋದದ್ದು, ಚಿಕ್ಕಂದಿನಿಂದ ತಮ್ಮನ್ನು ಅಪ್ಪಾ ಎಂದು ಕರೆಯುತ್ತಿದ್ದ ಹುಡುಗ ಅಲ್ಲಿಯೂ ಹಾಗೆಯೇ ಕರೆದದ್ದು, ಕುಮ್ಮಕ್ಕು ಕೊಟ್ಟವರ ಹೆಸರು ಹೇಳೆಂದು ಕೇಳಿದಾಗ ಹೇಳಲಾರೆನೆಂದದ್ದು ಅವರ ಆತ್ಮಕಥೆಯಲ್ಲಿ ದಾಖಲಾಗಿದೆ. ಮರಣದಂಡನೆಯ ತೀರ್ಪು ಮೊದಲು ಜೀವಾವಧಿ ಗಡೀಪಾರಿಗೆ, ಆಮೇಲೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಮದರಾಸಿನ ಕಡೆಯ ಚೆಂಗಲ್ಪಟ್ಟು ಕೋಟೆಗೆ ಹೊರಟ ಪಯಣದ ಮೊದಲ ಬಿಡಾರದಲ್ಲಿಯೇ ರಾಜ ಗುಂಡು ತಗುಲಿ ಸತ್ತರು. ತಾವೇ ಹೊಡೆದುಕೊಂಡರೆಂದು ದಾಖಲೆ ಹೇಳುತ್ತದೆ. ಸುರಪುರದವರ ನೆನಪಿನಲ್ಲಿ ಆ ಮಾತು ಎಂದೂ ಪೂರ್ತಿ ಒಪ್ಪಿಗೆಯಾಗಿಲ್ಲ.

1860: ಕಾಗದದಲ್ಲಿ ಮರಳಿದ ರಾಯಚೂರು

ದಂಗೆಯ ಕಾಲದ ನಿಷ್ಠೆಗೆ ಪ್ರತಿಫಲವಾಗಿ 1860ರ ಒಪ್ಪಂದ ಬಂತು. ಐವತ್ತು ಲಕ್ಷ ರೂಪಾಯಿಯ ಸಾಲ ರದ್ದಾಯಿತು. ರಾಯಚೂರು ದೋಆಬ್ ಮತ್ತು ಧಾರಾಶಿವ ನಿಜಾಮರಿಗೆ ಮರಳಿದವು. ಬ್ರಿಟಿಷರು ವಶಪಡಿಸಿಕೊಂಡಿದ್ದ ಸುರಪುರವನ್ನೂ ನಿಜಾಮರಿಗೇ ಕೊಟ್ಟರು. ಏಳು ವರ್ಷ ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿದ್ದ ಕನ್ನಡ ತಾಲೂಕುಗಳು ಮತ್ತೆ ದಿವಾನರ ದಫ್ತರಕ್ಕೆ ಬಂದವು. ಬೇರಾರ್ ಮಾತ್ರ ಬರಲಿಲ್ಲ. 1853ರ ಒಪ್ಪಂದದಲ್ಲಿ ಬೇರಾರಿನ ಜಮಾ ಖರ್ಚಿನ ಲೆಕ್ಕವನ್ನು ಬ್ರಿಟಿಷರು ನಿಜಾಮರಿಗೆ ಒಪ್ಪಿಸಬೇಕೆಂದಿತ್ತು. 1860ರಲ್ಲಿ ಆ ಹೊಣೆಯೂ ಹೋಯಿತು. ಉಳಿಕೆ ಹಣ ಎಷ್ಟೆಂದು ಕೇಳುವ ಹಕ್ಕಿಲ್ಲದೆ ಉಳಿಕೆಯನ್ನು ಪಡೆಯಬೇಕಾದ ಪರಿಸ್ಥಿತಿ ಅದು. ಮುಂದಿನ ಇಪ್ಪತ್ತು ವರ್ಷದ ಪತ್ರಗಳಲ್ಲಿ ಇದರ ನೋವು ಮುಗಿಯಲಿಲ್ಲ.

ಮರಳಿ ಬಂದ ನೆಲದ ಆಡಳಿತಕ್ಕೂ ಕಾಗದವೇ ಆಧಾರವಾಯಿತು. ಕಂದಾಯವನ್ನು ಗುತ್ತಿಗೆ ಕೊಡುವ ಹಳೆಯ ಪದ್ಧತಿಯನ್ನು ಬಿಡಿಸಿ ಸಂಬಳದ ತಾಲೂಕುದಾರರನ್ನು ನೇಮಿಸಿದರು. 1865ರ ಜಿಲ್ಲಾಬಂದಿಯಲ್ಲಿ ಇಡೀ ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸಿದರು. ಹಳ್ಳಿಯ ಕುಲಕರ್ಣಿಯ ಲೆಕ್ಕ ಕನ್ನಡದಲ್ಲೋ ಮೋಡಿಯಲ್ಲೋ ಇರುತ್ತಿತ್ತು. ಅದು ಮೇಲಕ್ಕೆ ಹೋಗುತ್ತ ಪಾರಸಿಯ ತಖ್ತೆಯಾಗುತ್ತಿತ್ತು. ಮಸ್ಕಿಯ ಅಥವಾ ಲಿಂಗಸೂಗೂರಿನ ರೈತನ ಹೊಲ ದಿವಾನರ ಮೇಜಿಗೆ ಬರುವ ಹೊತ್ತಿಗೆ ಎರಡು ಲಿಪಿ ದಾಟಿರುತ್ತಿತ್ತು.

ದೊರೆಗೆ ಬರೆದ ಅರ್ಜಿಗಳು

ಹೊರಗೆ ಇಷ್ಟು ಅಧಿಕಾರವಿದ್ದ ದಿವಾನರಿಗೆ ಅಫ್ಜಲುದ್ದೌಲಾ ಅವರ ಮುಂದೆ ನಿಲ್ಲುವ ಅವಕಾಶ ಸಿಗುತ್ತಿದ್ದದ್ದು ಅಪರೂಪ. ದೊರೆ ಮತ್ತು ದಿವಾನರ ನಡುವಿನ ವ್ಯವಹಾರ ನಡೆಯುತ್ತಿದ್ದದ್ದು ವಕೀಲರೆಂಬ ಪ್ರತಿನಿಧಿಗಳು ಒಯ್ಯುವ ಅರ್ಜಿಗಳ ಮೂಲಕ. ಅಪ್ಪಣೆಯಿಲ್ಲದೆ ನಗರ ಬಿಟ್ಟು ಹೋಗುವಂತಿರಲಿಲ್ಲ. 1867ರಲ್ಲಿ ರೆಸಿಡೆಂಟರಾಗಿದ್ದ ರಿಚರ್ಡ್ ಟೆಂಪಲ್ ತಮ್ಮ ದಿನಚರಿಯಲ್ಲಿ, ದೊರೆಯ ವಿಷಯದಲ್ಲಿ ದಿವಾನರಿಗಿದ್ದ ಭಯವನ್ನೂ ಅವರು ತಮ್ಮ ಮನೆಯಲ್ಲಿಯೇ ಸೆರೆಯಾಳಿನಂತೆ ಇದ್ದದ್ದನ್ನೂ ವಿವರವಾಗಿ ಬರೆದಿದ್ದಾರೆ. 1861ರಲ್ಲಿ ಒಮ್ಮೆ, 1867ರಲ್ಲಿ ಇನ್ನೊಮ್ಮೆ ಅವರ ಸ್ಥಾನ ಅಲುಗಾಡಿತು. ಎರಡು ಸಲವೂ ರೆಸಿಡೆಂಟರು ನಡುವೆ ಬಂದದ್ದರಿಂದ ಉಳಿಯಿತು. ದೊರೆಗೆ ಬರೆಯುವಾಗ ಬ್ರಿಟಿಷರ ಮನುಷ್ಯನೆಂಬ ಸಂಶಯ ಬರಬಾರದು, ರೆಸಿಡೆಂಟರಿಗೆ ಬರೆಯುವಾಗ ದೊರೆಯ ಮರ್ಯಾದೆ ಇಳಿಯಬಾರದು. ಈ ಎರಡು ಎಚ್ಚರಗಳನ್ನು ಇಟ್ಟುಕೊಂಡು ನೋಡಿದರೆ ಅವರ ಅಧಿಕೃತ ಶೈಲಿಯ ಅಳತೆಯ ಮಾತು, ನಯ, ಪುನರುಕ್ತಿ ಎಲ್ಲಕ್ಕೂ ಅರ್ಥ ಸಿಗುತ್ತದೆ.

1869ರ ಫೆಬ್ರವರಿಯಲ್ಲಿ ಅಫ್ಜಲುದ್ದೌಲಾ ತೀರಿಕೊಂಡಾಗ ಮಗ ಮಹಬೂಬ್ ಅಲಿ ಖಾನ್ ಮೂರು ತುಂಬದ ಕೂಸು. ಸಾಲಾರ್ ಜಂಗ್ ಮತ್ತು ಶಮ್ಸ್ ಉಲ್ ಉಮರಾ ಜಂಟಿಯಾಗಿ ರಾಜಪ್ರತಿನಿಧಿಗಳಾದರು. ಅಲ್ಲಿಂದ ಮುಂದೆ ಅವರ ಪತ್ರಗಳ ಧಾಟಿ ಬದಲಾಗುತ್ತದೆ. ವಿನಂತಿಯ ಜಾಗದಲ್ಲಿ ವಾದ ಬರುತ್ತದೆ.

ಬೇರಾರಿನ ವಾದ

ಹಳೆಯ ಒಪ್ಪಂದಗಳನ್ನು ತೆಗೆದು ಓದಿ ಹಕ್ಕು ಕೇಳುವ ಅಭ್ಯಾಸ ಸಾಲಾರ್ ಜಂಗರಿಗೆ ಮೊದಲೇ ಇತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ದತ್ತಕವನ್ನು ಮಾನ್ಯ ಮಾಡಬೇಕೇ, ರಾಜ್ಯವನ್ನು ಸೇರಿಸಿಕೊಳ್ಳಬೇಕೇ ಎಂಬ ಚರ್ಚೆ 1866ರಲ್ಲಿ ನಡೆಯುತ್ತಿದ್ದಾಗ ಹೈದರಾಬಾದಿನಿಂದಲೂ ಒಂದು ಕಾಗದ ಹೋಯಿತು. ಟಿಪ್ಪುವಿನ ಪತನದ ನಂತರ 1799ರಲ್ಲಿ ಮೈಸೂರನ್ನು ಹಂಚಿದವರಲ್ಲಿ ನಿಜಾಮರೂ ಒಬ್ಬರು, ಈಗ ಆ ರಾಜ್ಯವನ್ನು ತೆಗೆದುಕೊಳ್ಳುವುದಾದರೆ ನಿಜಾಮರಿಗೂ ಪಾಲು ಸಲ್ಲಬೇಕು ಎಂಬುದು ಅದರ ವಾದ. ಮರುವರ್ಷ ದತ್ತಕಕ್ಕೆ ಮನ್ನಣೆ ಸಿಕ್ಕಿ ಮೈಸೂರು ಉಳಿಯಿತು, ಪಾಲಿನ ಪ್ರಶ್ನೆಯೂ ಅಲ್ಲಿಗೆ ನಿಂತಿತು.

ಬೇರಾರಿನ ಪತ್ರಗಳು ಹೀಗೆ ಬೇಗ ಮುಗಿಯಲಿಲ್ಲ. 1872ರಿಂದ ಇಬ್ಬರೂ ರಾಜಪ್ರತಿನಿಧಿಗಳು ರೆಸಿಡೆಂಟ್ ಸಾಂಡರ್ಸರ ಮೂಲಕ ಬರೆಯತೊಡಗಿದರು. ಬೇರಾರನ್ನು ಕೊಟ್ಟದ್ದು ಕಾಂಟಿಂಜೆಂಟಿನ ಸಂಬಳಕ್ಕೆ ಭದ್ರತೆಯಾಗಿ ಮಾತ್ರ. ಆ ಸಂಬಳಕ್ಕೆ ಸಾಕಾಗುವ ಬಂಡವಾಳವನ್ನು ನಗದಾಗಿ ಇಡುತ್ತೇವೆ, ಭದ್ರತೆ ಬದಲಾದ ಮೇಲೆ ಜಿಲ್ಲೆಗಳನ್ನು ಮರಳಿಸಬೇಕು. ವಾದ ಇಷ್ಟೇ, ಆದರೆ ಪ್ರತಿಯೊಂದು ಕಲಮನ್ನೂ ಹಿಡಿದು ಪುಟಗಟ್ಟಲೆ ಬೆಳೆಯಿತು. ಒಪ್ಪಂದಗಳು ಶಾಶ್ವತವೆಂದು ಭಾರತ ಸರ್ಕಾರ ಉತ್ತರಿಸಿತು. ದಿವಾನರು ಮತ್ತೆ ಬರೆದರು.

1876ರ ಏಪ್ರಿಲಿನಲ್ಲಿ ಅವರು ಇಂಗ್ಲೆಂಡಿಗೆ ಹೊರಟರು. ಜೊತೆಗೆ ಖಾಸಗಿ ಕಾರ್ಯದರ್ಶಿ ಸೈಯದ್ ಹುಸೇನ್ ಬಿಲ್‌ಗ್ರಾಮಿ ಇದ್ದರು. ರೋಮಿನಲ್ಲಿ ಪೋಪ್ ಒಂಬತ್ತನೆಯ ಪಯಸ್ಸರನ್ನು ಕಂಡರು. ಇಂದು ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಜನ ಮುಗಿಬಿದ್ದು ನೋಡುವ, ಮುಸುಕು ಹೊದ್ದ ರೆಬೆಕಾಳ ಅಮೃತಶಿಲೆಯ ಪ್ರತಿಮೆಯನ್ನು ಕೊಂಡದ್ದು ಆ ಪ್ರಯಾಣದಲ್ಲಿ. ಪ್ಯಾರಿಸ್ಸಿನಲ್ಲಿ ಜಾರಿ ಬಿದ್ದು ಕಾಲು ಮುರಿಯಿತು. ಲಂಡನ್ನಿನಲ್ಲಿ ಕುರ್ಚಿಯಲ್ಲಿ ಕೂತೇ ಅತಿಥಿಗಳನ್ನು ಕಾಣಬೇಕಾಯಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಗೌರವ ಪದವಿ ಕೊಟ್ಟಿತು, ಲಂಡನ್ ನಗರ ಪೌರ ಗೌರವ ಕೊಟ್ಟಿತು. ಬೇರಾರ್ ಮಾತ್ರ ಸಿಗಲಿಲ್ಲ. ನಿಜಾಮರು ಪ್ರಾಯಕ್ಕೆ ಬರುವವರೆಗೆ ಆ ಪ್ರಶ್ನೆಯನ್ನು ಎತ್ತಿಕೊಳ್ಳಲಾಗದು ಎಂದು 1878ರಲ್ಲಿ ಲಂಡನ್ನಿನಿಂದ ಉತ್ತರ ಬಂತು.

ವೈಸರಾಯ್ ಲಾರ್ಡ್ ಲಿಟ್ಟನ್ನರಿಗೆ ಈ ಪಟ್ಟು ಸಹಿಸಲಾಗಲಿಲ್ಲ. ಇಪ್ಪತ್ತು ವರ್ಷ ಹಿಂದೆ ರಾಜ್ಯ ಉಳಿಸಿದವರೆಂದು ಹೊಗಳಿಸಿಕೊಂಡ ದಿವಾನರನ್ನು ಲಿಟ್ಟನ್ ತಮ್ಮ ಪತ್ರಗಳಲ್ಲಿ ಅಪಾಯಕಾರಿ ಮನುಷ್ಯನೆಂದು ಕಂಡರು. 1877ರಲ್ಲಿ ಜೊತೆಯ ರಾಜಪ್ರತಿನಿಧಿ ತೀರಿಕೊಂಡಾಗ, ಸಾಲಾರ್ ಜಂಗರ ವಿರೋಧವಿದ್ದರೂ ಅವರ ಹಳೆಯ ಪ್ರತಿಸ್ಪರ್ಧಿ ರಶೀದುದ್ದೀನ್ ಖಾನರನ್ನು ಆ ಜಾಗಕ್ಕೆ ಕೂರಿಸಲಾಯಿತು. ಸೈನ್ಯವಿಲ್ಲದೆ, ಬಂಡಾಯವಿಲ್ಲದೆ, ಒಪ್ಪಂದದ ಪ್ರತಿಯೊಂದನ್ನು ಕೈಯಲ್ಲಿ ಹಿಡಿದು ಬರೆಯುತ್ತಲೇ ಇದ್ದ ಒಬ್ಬ ಮನುಷ್ಯ ಸಾಮ್ರಾಜ್ಯಕ್ಕೆ ಇಷ್ಟು ಕಿರಿಕಿರಿಯಾದದ್ದೇ ಆ ಪತ್ರಗಳ ಬಲಕ್ಕೆ ಸಾಕ್ಷಿ.

ರೈಲು ಮತ್ತು ಅಂಚೆ

ಎಲ್ಲ ಪತ್ರಗಳೂ ತಕರಾರಿನವಲ್ಲ. ಮುಂಬಯಿಯ ಕಡೆಯಿಂದ ಬಂದ ರೈಲು ಹಳಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. ಆ ದಾರಿಯ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಓಡತೊಡಗಿತು. ಅದರ ಹಣ, ಜಮೀನು, ಷರತ್ತುಗಳ ಬಗ್ಗೆ ದೀರ್ಘ ಪತ್ರವ್ಯವಹಾರ ನಡೆಯಿತು. ಸಂಸ್ಥಾನದ ಮೊದಲ ಅಂಚೆ ಚೀಟಿ, ಒಂದಾಣೆಯದು, ಹೊರಬಂದದ್ದು 1869ರಲ್ಲಿ. ಬೀದರದಿಂದ ನಗರಕ್ಕೆ ಬರೆಯುವ ವ್ಯಾಪಾರಿ ನಿಜಾಮರ ಚೀಟಿ ಹಚ್ಚುತ್ತಿದ್ದ. ಸಿಕಂದರಾಬಾದ್ ದಂಡಿನ ಸಿಪಾಯಿ ತನ್ನೂರಿಗೆ ಬರೆಯುವ ಕಾಗದ ಬ್ರಿಟಿಷರ ಅಂಚೆಯಲ್ಲಿ ಹೋಗುತ್ತಿತ್ತು.

ಗೆಳೆತನದ ಓಲೆಗಳು

ಮೆಡೋಸ್ ಟೇಲರ್ ಜೊತೆಗಿನ ಸ್ನೇಹ ದಿವಾನರ ಖಾಸಗಿ ಬದುಕಿನ ಬೆಳಕಿನ ಭಾಗ. 1860ರಲ್ಲಿ ನಿವೃತ್ತರಾಗಿ ಹೋದ ಟೇಲರ್ ಕಣ್ಣು ಮಂಜಾಗುತ್ತಿದ್ದ ಕಾಲದಲ್ಲಿ, 1875ರಲ್ಲಿ, ಸಾಲಾರ್ ಜಂಗರ ಕರೆಯ ಮೇಲೆ ಹೈದರಾಬಾದಿಗೆ ಮತ್ತೆ ಬಂದರು. ಜ್ವರ ಹಿಡಿದು ಮರಳುವಾಗ 1876ರ ಮೇ ತಿಂಗಳಲ್ಲಿ ಫ್ರಾನ್ಸಿನ ಮೆಂತೊನ್‌ನಲ್ಲಿ ತೀರಿಕೊಂಡರು. ಟೇಲರ್ ತಮ್ಮ ಬಂಧು, ಪತ್ರಕರ್ತ ಹೆನ್ರಿ ರೀವ್‌ಗೆ ಬರೆದ ಪತ್ರಗಳು 1947ರಲ್ಲಿ ಪುಸ್ತಕವಾಗಿ ಬಂದವು. ಸುರಪುರದ ಕಚೇರಿಯಿಂದ ಬರೆದ ಆ ಕಾಗದಗಳನ್ನು ದಿವಾನರ ದಫ್ತರದ ಪಕ್ಕದಲ್ಲಿಟ್ಟು ಓದಿದರೆ ಒಂದೇ ನಾಡಿನ ಎರಡು ಮುಖ ಕಾಣುತ್ತದೆ.

ಪತ್ರಗಳು ಉಳಿದ ಬಗೆ

1883ರ ಫೆಬ್ರವರಿ 8ರಂದು ಕಾಲರಾ ತಗುಲಿ ಒಂದೇ ದಿನದಲ್ಲಿ ಸಾಲಾರ್ ಜಂಗ್ ತೀರಿಕೊಂಡರು. ಹಿಂದಿನ ದಿನವಷ್ಟೇ ಯುರೋಪಿನ ಅತಿಥಿಯೊಬ್ಬರನ್ನು ಮೀರ್ ಆಲಂ ಕೆರೆಯಲ್ಲಿ ಸತ್ಕರಿಸಿದ್ದರು. ಅದೇ ವರ್ಷ ಬಿಲ್‌ಗ್ರಾಮಿಯವರು ಅವರ ಜೀವನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಮೌಲ್ವಿ ಸೈಯದ್ ಮೆಹದಿ ಅಲಿ ಸಂಸ್ಥಾನಕ್ಕೆ ಸಂಬಂಧಿಸಿದ ಕಾಗದಗಳನ್ನೂ ಪತ್ರಿಕಾ ಬರಹಗಳನ್ನೂ ಸೇರಿಸಿ ಹಲವು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಸಂಸ್ಥಾನದ ದಫ್ತರಗಳು ಸಿಕಂದರಾಬಾದಿನ ಪಕ್ಕದ ತಾರ್ನಾಕದ ರಾಜ್ಯ ಪತ್ರಾಗಾರದಲ್ಲಿವೆ. ಭಾರತ ಸರ್ಕಾರದ ವಿದೇಶಾಂಗ ಇಲಾಖೆಯ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಲಂಡನ್ನಿಗೆ ಹೋದವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಇವುಗಳನ್ನು ಆಧರಿಸಿ ವಸಂತ ಕುಮಾರ ಬಾವಾ ಬರೆದ ಅಧ್ಯಯನ 1986ರಲ್ಲಿ ಬಂತು.

ಅಮೆರಿಕದ ಲಿಂಕನ್ ಸಾಲಾರ್ ಜಂಗರ ಸಮಕಾಲೀನರು. ಅವರ ಪತ್ರ ಮತ್ತು ಭಾಷಣಗಳು 1950ರ ದಶಕದಲ್ಲಿಯೇ ಎಂಟು ಸಂಪುಟಗಳಲ್ಲಿ ಒಂದೆಡೆ ಬಂದವು. ಹೈದರಾಬಾದಿನ ದಿವಾನರ ಪತ್ರಗಳನ್ನು ಓದಬೇಕಾದವರು ಮೂರು ಊರು ಸುತ್ತಬೇಕು, ಪಾರಸಿ ಬಲ್ಲವರನ್ನು ಹುಡುಕಬೇಕು. ಅವುಗಳಲ್ಲಿ ರಾಯಚೂರು, ಲಿಂಗಸೂಗೂರು, ಸುರಪುರಗಳಿಗೆ ಸಂಬಂಧಿಸಿದವನ್ನಾದರೂ ಆರಿಸಿ ಕನ್ನಡಕ್ಕೆ ತರುವುದು ಕಲ್ಯಾಣ ಕರ್ನಾಟಕದ ಚರಿತ್ರೆಗೆ ಸಲ್ಲಬೇಕಾದ ದೊಡ್ಡ ಕೆಲಸ.

ದಿವಾನರು ಕೊನೆಯವರೆಗೂ ಕೇಳಿದ ಬೇರಾರ್ ಮರಳಲಿಲ್ಲ. 1902ರಲ್ಲಿ ಕರ್ಜನ್ನರ ಸರ್ಕಾರ ವರ್ಷಕ್ಕೆ 25 ಲಕ್ಷ ರೂಪಾಯಿಗೆ ಅದನ್ನು ಶಾಶ್ವತ ಗೇಣಿಗೆ ಪಡೆಯಿತು. 1860ರ ಕಾಗದದಲ್ಲಿ ಮರಳಿದ ರಾಯಚೂರು ಮತ್ತು ಸುರಪುರ ಹೈದರಾಬಾದಿನ ಜೊತೆಯಲ್ಲಿಯೇ ಉಳಿದು, 1956ರಲ್ಲಿ ಕಲಬುರಗಿ, ಬೀದರಗಳೊಡನೆ ಕನ್ನಡ ರಾಜ್ಯವನ್ನು ಸೇರಿದವು.